ನಾರ್ಬರ್ಟನ ಪದ್ಧತಿ, ಲೊರೆಟಾಳ ಹಲ್ಲು

ಪೋರ್ಟ್ ಕ್ಲೆಮೆಂಟ್ ಊರಿನಲ್ಲಿ ಒಂದು ಪೌಂಡ್ ಮಾಂಸ ಕೊಂಡರೆ ಅದು ಒಂದು ಪೌಂಡೇ ಇರುತ್ತದೆ. ಒಂದು ಗ್ಯಾಲನ್ ಪೆಟ್ರೋಲು ಹಾಕಿಸಿದರೆ ಒಂದು ಗ್ಯಾಲನ್ನೇ ಬೀಳುತ್ತದೆ. ಇದಕ್ಕೆ ಕಾರಣ ನಮ್ಮ ಕೌಂಟಿ ಕಚೇರಿಯ ತೂಕ ಮತ್ತು ಅಳತೆ ವಿಭಾಗದ ಇನ್ಸ್‌ಪೆಕ್ಟರ್ ನಾರ್ಬರ್ಟ್ ಗ್ರಾಬ್ಸ್ಕಿ. ಹಿತ್ತಾಳೆಯ ತೂಕದ ಬಟ್ಟುಗಳಿರುವ ಪೆಟ್ಟಿಗೆ ಹಿಡಿದು ಅಂಗಡಿಗೆ ಕಾಲಿಟ್ಟನೆಂದರೆ ಎಂಥ ವ್ಯಾಪಾರಿಯೂ ತನ್ನ ಪಾಪಗಳನ್ನೆಲ್ಲ ಒಮ್ಮೆ ನೆನೆದುಕೊಳ್ಳುತ್ತಿದ್ದ. ಆದರೆ ಆ ಪೆಟ್ಟಿಗೆ ಕೆಳಗಿಟ್ಟ ಮೇಲೆ ನಾರ್ಬರ್ಟನಿಗೆ ಯಾವುದೂ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ಸ್ವಂತ ಮದುವೆಯ ದಿನ ಪಕ್ಕದ ಚರ್ಚಿಗೆ ಹೋಗಿ ಇನ್ನಾರದೋ ಮದುವೆಯಲ್ಲಿ ಅರ್ಧ ಗಂಟೆ ಕುಳಿತಿದ್ದವನು ಅವನು. ಬ್ಯಾಸ್ಕೆಟ್‌ಬಾಲ್ ವಿಷಯದಲ್ಲಂತೂ ಚೆಂಡು ದುಂಡಗಿರುತ್ತದೆ ಎನ್ನುವುದೊಂದನ್ನು ಬಿಟ್ಟು ಬೇರೇನೂ ತಿಳಿಯದು.

ಮಾರ್ಚ್ ತಿಂಗಳು ಬಂತೆಂದರೆ ನಮ್ಮಲ್ಲಿ ಎಲ್ಲರಿಗೂ ಒಂದು ಜ್ವರ. ಅರವತ್ತನಾಲ್ಕು ಕಾಲೇಜುಗಳ ತಂಡಗಳು ಮೂರು ವಾರ ಬಡಿದಾಡುತ್ತವೆ. ಸೋತವರು ಅಂದೇ ಮನೆಗೆ. ಮೊದಲ ಚೆಂಡು ಪುಟಿಯುವ ಮುಂಚೆಯೇ ಯಾರು ಯಾರನ್ನು ಸೋಲಿಸುತ್ತಾರೆ ಎಂದು ಕೊನೆಯವರೆಗೂ ಊಹಿಸಿ ಪಟ್ಟಿ ತುಂಬಿ, ಹತ್ತು ಡಾಲರ್ ಸೇರಿಸಿ ಪರವಾನಗಿ ಮೇಜಿನ ಡಾರ್ಲೀನಳಿಗೆ ಕೊಡಬೇಕು. ಹೆಚ್ಚು ಊಹೆ ಸರಿಯಾದವರಿಗೆ ಹೆಚ್ಚುಕಡಿಮೆ ಎಲ್ಲ ದುಡ್ಡು. ಇದು ಜೂಜಲ್ಲವೇ ಎಂದು ಕೇಳಬೇಡಿ. ನಮ್ಮಲ್ಲಿ ಎಲ್ಲರಿಗಿಂತ ಮೊದಲು ಪಟ್ಟಿ ಕೊಡುವವರು ಕಾನೂನು ವಿಭಾಗದವರು.

ಆ ವರ್ಷ ನಮಗೆ ಹೊಸ ಮೇಲಧಿಕಾರಿ ಬಂದಿದ್ದರು, ಲೈಲ್ ಹೋಬರ್ಟ್ ಎಂದು. ಆರಡಿ ನಾಲ್ಕಂಗುಲದ ಆಳು. ಒಂದು ಕಾಲದಲ್ಲಿ ಆಡುತ್ತಿದ್ದರಂತೆ. ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ಅವರು ನಾರ್ಬರ್ಟನನ್ನು ಕೇಳಿದರು: "ಏನಪ್ಪ ಗ್ರಾಬ್ಸ್ಕಿ, ಪಟ್ಟಿ ತುಂಬಿದೆಯಾ?"

ಮೂರನೇ ಮಹಡಿಯಿಂದ ಐದನೆಯದಕ್ಕೆ ಹೋಗುವಷ್ಟರಲ್ಲಿ ಮನುಷ್ಯ ಎಷ್ಟು ಸುಳ್ಳು ಹೇಳಬಹುದು? ನಾರ್ಬರ್ಟ್ ಒಂದೇ ಹೇಳಿದ.

"ತುಂಬ್ತಾ ಇದೀನಿ ಸರ್. ನಂದೇ ಒಂದು ಪದ್ಧತಿ ಇದೆ."

"ಪದ್ಧತಿನಾ?"

"ಎಲ್ಲಾನೂ ಅಳತೆ ಸರ್. ಅಳತೆ ಮಾಡಿದ್ರೆ ಎಲ್ಲಾ ಗೊತ್ತಾಗುತ್ತೆ."

ಲಿಫ್ಟಿನಲ್ಲಿ ನಾನೂ ಇದ್ದೆ. ಅಷ್ಟು ಗಂಭೀರವಾಗಿ ಹೇಳಿದವನನ್ನು ನಂಬದಿರುವುದು ಸಭ್ಯತೆಯಲ್ಲ ಎಂದು ನಂಬಿಬಿಟ್ಟೆ.

ಪಟ್ಟಿ ಕೊಡಲು ಗುರುವಾರ ಮಧ್ಯಾಹ್ನ ಕೊನೆ. ಬುಧವಾರ ಸಂಜೆಯವರೆಗೂ ನಾರ್ಬರ್ಟನ ಪಟ್ಟಿ ಹಾಲಿನಷ್ಟು ಬೆಳ್ಳಗಿತ್ತು. ಅಂದು ಅವನ ಹೆಂಡತಿ ಲೊರೆಟಾ ತನ್ನ ತಾಯಿಯ ಮನೆಯಲ್ಲಿ ಬಲ್ಬು ಬದಲಾಯಿಸಿ ಬಾ ಎಂದು ಕಳಿಸಿದ್ದಳು. ತಾಯಿ ಯುಜೀನಿಯಾ ಪಾವ್ಲಾಕ್, ಎಂಬತ್ತಮೂರು ವರ್ಷ, ಮೊಣಕಾಲು ಒಂದು ಬಿಟ್ಟರೆ ಎಲ್ಲ ಗಟ್ಟಿ. ನನ್ನ ಮನೆಯ ಎದುರು ಮನೆ ಅವರದು. ಅಳಿಯ ಸ್ಟೂಲಿನ ಮೇಲೆ ನಿಂತು ಒದ್ದಾಡುತ್ತಿರುವಾಗ ಮೇಜಿನ ಮೇಲಿದ್ದ ಕಾಗದ ಅವರ ಕಣ್ಣಿಗೆ ಬಿತ್ತು.

"ಇದೇನಯ್ಯ?"

"ಯಾರು ಗೆಲ್ತಾರೆ ಅಂತ ಬರೀಬೇಕು ಅತ್ತೆ. ನಂಗೇನೂ ಗೊತ್ತಿಲ್ಲ."

"ಅಷ್ಟೇನಾ? ಪೆನ್ಸಿಲ್ ಕೊಡು."

ಬಲ್ಬು ಬದಲಾಗುವಷ್ಟರಲ್ಲಿ ಪಟ್ಟಿ ತುಂಬಿತ್ತು. ಅತ್ತೆ ಊರಿನ ಹೆಸರು ನೋಡಿ ಆರಿಸಿದ್ದರು. ಒಂದು ಊರಿನ ರೈಲಿನಲ್ಲಿ ಕಂಡಕ್ಟರ್ ತಮಗೆ ಸೀಟು ಬಿಟ್ಟುಕೊಟ್ಟಿದ್ದ, ಆ ಊರಿಗೆ ಗೆಲುವು. ಇನ್ನೊಂದು ಊರಿನಲ್ಲಿ ತಣ್ಣಗಿನ ಸೂಪು ಕೊಟ್ಟಿದ್ದರು, ಆ ಊರು ಮೊದಲ ದಿನವೇ ಮನೆಗೆ. ಕೊನೆಯ ಗೆಲುವು ಸೇಂಟ್ ಹೆಡ್ವಿಗ್ ಎಂಬ ಪುಟ್ಟ ಕಾಲೇಜಿಗೆ. ಆ ಹೆಸರಿನ ಕಾಲೇಜೊಂದು ಇದೆ ಎನ್ನುವುದೇ ಬಹಳ ಜನಕ್ಕೆ ಗೊತ್ತಿರಲಿಲ್ಲ.

ಆಮೇಲೆ ನಡೆದದ್ದಕ್ಕೆ ನಾರ್ಬರ್ಟ್ ಹೊಣೆಯಲ್ಲ, ದೇವರೂ ಅಲ್ಲ ಎಂದು ನನ್ನ ಅಭಿಪ್ರಾಯ. ಗುರುವಾರ ಸಂಜೆ ಸೇಂಟ್ ಹೆಡ್ವಿಗ್‌ನ ಹುಡುಗರು ದೇಶದ ಎರಡನೇ ದೊಡ್ಡ ತಂಡವನ್ನು ಒಂದು ಅಂಕದಿಂದ ಸೋಲಿಸಿದರು. ತಣ್ಣಗಿನ ಸೂಪಿನ ಊರು ಮಣ್ಣು ಮುಕ್ಕಿತು. ಶನಿವಾರ ಸೇಂಟ್ ಹೆಡ್ವಿಗ್ ಮತ್ತೆ ಗೆದ್ದಿತು. ಸೋಮವಾರ ಡಾರ್ಲೀನ್ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ನಲವತ್ತೊಂದು ಜನರ ಪೈಕಿ ಎಲ್ಲರಿಗಿಂತ ಮೇಲೆ ನಾರ್ಬರ್ಟ್ ಗ್ರಾಬ್ಸ್ಕಿಯ ಹೆಸರಿತ್ತು. ನನ್ನದು ಮೂವತ್ತೆಂಟನೆಯದು. ಅದರ ಮಾತು ಬೇಡ.

"ಅಳತೆ ಅಂದ್ಯಲ್ಲ, ಏನನ್ನ ಅಳೀತೀಯ?" ಎಂದು ಡಾರ್ಲೀನ್ ಕೇಳಿದಳು.

"ಎಲ್ಲಾನೂ," ಎಂದ ನಾರ್ಬರ್ಟ್, ಕಾಫಿ ಯಂತ್ರದ ಕಡೆ ನೋಡುತ್ತ. ಹೀಗೆ ಬೇರೆಲ್ಲೋ ನೋಡುತ್ತ ಹೇಳಿದ ಮಾತಿಗೆ ಬೆಲೆ ಜಾಸ್ತಿ.

ಹೋಬರ್ಟ್ ಅವನನ್ನು ಕೋಣೆಗೆ ಕರೆದು ಬಾಗಿಲು ಹಾಕಿಸಿದರು. "ಗುರುವಾರದ್ದು ಒಂದೇ ಒಂದು ಹೇಳಪ್ಪ. ಹಸಿರು ಅಂಗಿಯವರೋ, ಕರಡಿ ಗುರುತಿನವರೋ?"

"ಈಗ್ಲೇ ಹೇಳಕ್ಕಾಗಲ್ಲ ಸರ್. ಸಂಜೆ ಒಂದು ಕಡೆ ಹೋಗಿ ಬರಬೇಕು."

ಆ ಒಂದು ಕಡೆ ಯಾವುದೆಂದು ನನ್ನ ಕಿಟಕಿಯಿಂದ ಕಾಣುತ್ತಿತ್ತು. ಸೋಮವಾರ ನಾರ್ಬರ್ಟನ ಕಾರು ಅತ್ತೆಯ ಮನೆಯ ಮುಂದೆ ನಿಂತಿತು. ಮಂಗಳವಾರವೂ ನಿಂತಿತು. ಬುಧವಾರ ಕೈಯಲ್ಲಿ ಗಸಗಸೆ ತುಂಬಿದ ಸುರುಳಿ ರೊಟ್ಟಿಯಿತ್ತು. ಇಪ್ಪತ್ತಾರು ವರ್ಷ ಅತ್ತೆಯ ಮನೆಗೆ ಹೇಳಿ ಕಳಿಸದೆ ಹೋಗದಿದ್ದ ಅಳಿಯ ಈಗ ಏಣಿ ಹತ್ತಿ ಮಳೆನೀರು ಹರಿಯುವ ಸೂರಿನ ದೋಣಿಯಿಂದ ಕೊಳೆತ ಎಲೆ ತೆಗೆಯುತ್ತಿದ್ದ, ಅತ್ತೆಯನ್ನು ಬ್ಯೂಟಿ ಪಾರ್ಲರಿಗೆ ಕರೆದೊಯ್ದು ಕೂದಲು ಸುರುಳಿ ಮಾಡಿಸುವವರೆಗೂ ಕಾಯುತ್ತಿದ್ದ. ಮುದುಕಿ ಜಾಣೆ. ಒಂದು ಹೆಸರಿಗೆ ಒಂದು ಕೆಲಸ.

"ಹಸಿರೋ ಕರಡಿಯೋ ಅತ್ತೆ?"

"ನೆಲಮಾಳಿಗೆಲಿ ಹಳೇ ಹಾಸಿಗೆ ಒಂದಿದೆ, ಮೊದ್ಲು ಅದನ್ನ ಆಚೆ ಹಾಕು. ಆಮೇಲೆ ಯೋಚನೆ ಮಾಡೋಣ."

ಗುರುವಾರ ರಾತ್ರಿ ಹಸಿರು ಗೆದ್ದಿತು, ಸೇಂಟ್ ಹೆಡ್ವಿಗ್ ಕೂಡ ಗೆದ್ದಿತು. ಹೋಬರ್ಟ್ ಕಚೇರಿಗೆಲ್ಲ ಡೋನಟ್ ತರಿಸಿದರು.

ಇಷ್ಟರಲ್ಲೇ ನಿಂತಿದ್ದರೆ ಕಥೆ ಬೇಕಿರಲಿಲ್ಲ. ಆದರೆ ಎಲ್ಲರೂ ಮಹಾಜ್ಞಾನಿ ಎಂದು ಕರೆಯುವಾಗ, ತಾನು ಅಲ್ಲ ಎನ್ನುವುದು ಮೊದಲು ಮರೆತುಹೋಗುವುದು ಆ ಮನುಷ್ಯನಿಗೇ. ನಾರ್ಬರ್ಟ್ ಆ ಸೋಮವಾರವೇ ತನ್ನ ಫೋನಿಗೆ ಪಂದ್ಯ ಕಟ್ಟುವ ಆ್ಯಪ್ ಹಾಕಿಕೊಂಡಿದ್ದ. ಮೊದಲ ಐದು ಡಾಲರ್ ಆ್ಯಪ್‌ನವರೇ ಕೊಟ್ಟರು. ಎರಡನೆಯ ಐದು ಇವನದು. ಅಲ್ಲಿಂದ ಅವನ ಎಡ ಮೊಣಕಾಲು ಕುಣಿಯಲು ಶುರುವಾದದ್ದು ನಿಲ್ಲಲೇ ಇಲ್ಲ. ಕೂತರೆ ಏಳುವನು, ಎದ್ದರೆ ಜೇಬು ಮುಟ್ಟಿಕೊಳ್ಳುವನು. ಪೂರ್ತಿ ಆಟದ ಮೇಲೆಯೇ ಕಟ್ಟಬೇಕೆಂದಿಲ್ಲವಂತೆ. ಮುಂದಿನ ಬುಟ್ಟಿ ಯಾರು ಹಾಕುತ್ತಾರೆ, ಮುಂದಿನ ತಪ್ಪು ಯಾರದು, ಎಲ್ಲದರ ಮೇಲೂ ಕಟ್ಟಬಹುದು. ಬ್ಯಾಸ್ಕೆಟ್‌ಬಾಲ್ ಇಲ್ಲದ ಬೆಳಗಿನ ಹೊತ್ತು ಜೆಕ್ ದೇಶದವರ ಟೇಬಲ್ ಟೆನಿಸ್ ಇರುತ್ತಿತ್ತು. ಜೆಕ್ ದೇಶದಲ್ಲಿ ಜನ ಕೆಲಸಕ್ಕೆ ಹೋಗದೆ ಇಡೀ ದಿನ ಟೇಬಲ್ ಟೆನಿಸ್ ಆಡುತ್ತಾರೆ ಎಂದು ನಮಗೆ ತಿಳಿದದ್ದು ನಾರ್ಬರ್ಟನಿಂದ.

ಶುಕ್ರವಾರ ಅವನು ಕುಜ್ಮಾನ ಮಾಂಸದಂಗಡಿಯ ತೂಕದ ಯಂತ್ರ ಪರೀಕ್ಷಿಸಲು ಹೋದ. ಕುಜ್ಮಾ ಒಳಗೆ ಸಾಸೇಜು ಕಟ್ಟುತ್ತಿದ್ದ. ನಾರ್ಬರ್ಟ್ ಯಂತ್ರವನ್ನು ಸೊನ್ನೆಗೆ ತಂದು, ಒಂದು ಪೌಂಡಿನ ಬಟ್ಟು ಇಟ್ಟು, ಚೀಟಿ ಹುಡುಕಲು ಎರಡೂ ಕೈ ಬೇಕಾಗಿ ಫೋನನ್ನು ಪಕ್ಕದಲ್ಲಿ ಇಟ್ಟ. ಪಕ್ಕದಲ್ಲಿ ಎಂದರೆ ತಟ್ಟೆಯ ಮೇಲೆ. ಫೋನಿನಲ್ಲಿ ಇಬ್ಬರು ಜೆಕ್ಕರು ಚೆಂಡು ಹೊಡೆಯುತ್ತಿದ್ದರು.

"ಕುಜ್ಮಾ, ಏಳು ಔನ್ಸ್ ಜಾಸ್ತಿ ತೋರಿಸ್ತಿದೆ ಇದು," ಎಂದ ನಾರ್ಬರ್ಟ್.

ಕುಜ್ಮಾ ಕೈಯೊರೆಸಿಕೊಳ್ಳುತ್ತ ಬಂದ. "ನಮ್ಮಪ್ಪನ ಕಾಲದಿಂದ ಒಂದು ಔನ್ಸ್ ಮೋಸ ಮಾಡಿಲ್ಲ ಈ ಅಂಗಡಿ."

"ನಾನಲ್ಲ ಹೇಳ್ತಿರೋದು, ಯಂತ್ರ ಹೇಳ್ತಿದೆ," ಎಂದು ನಾರ್ಬರ್ಟ್ ಕೆಂಪು ಚೀಟಿ ಅಂಟಿಸಿ, ಫೋನು ಎತ್ತಿಕೊಂಡು ಹೊರಟುಹೋದ. ಕೆಂಪು ಚೀಟಿ ಬಿದ್ದ ಯಂತ್ರದಲ್ಲಿ ತೂಗುವ ಹಾಗಿಲ್ಲ. ಕ್ಯೂನಲ್ಲಿದ್ದ ಹೆಂಗಸೊಬ್ಬಳು ತಾನು ಕಂಡದ್ದನ್ನು ಕುಜ್ಮಾನಿಗೆ ಹೇಳುವಷ್ಟರಲ್ಲಿ ಇನ್ಸ್‌ಪೆಕ್ಟರ್ ಬೀದಿಯ ತುದಿ ದಾಟಿದ್ದ.

ಒಂದೇ ಗಂಟೆಯಲ್ಲಿ ಕುಜ್ಮಾ ಏಪ್ರನ್ ಸಮೇತ ಕಚೇರಿಗೆ ಬಂದು ಎರಡು ಪುಟದ ದೂರು ಕೊಟ್ಟ. ಹೋಬರ್ಟ್ ಗಂಭೀರವಾಗಿ ಓದಿದರು, ಕುಜ್ಮಾನನ್ನು ಬಾಗಿಲವರೆಗೆ ಕಳಿಸಿಕೊಟ್ಟರು, ಚೀಟಿ ರದ್ದು ಮಾಡಿದರು, ಆಮೇಲೆ ನಾರ್ಬರ್ಟನನ್ನು ಕರೆದು ಅವನ ಕಣ್ಣೆದುರೇ ದೂರನ್ನು ನಾಲ್ಕು ತುಂಡು ಮಾಡಿದರು.

"ದೊಡ್ಡವರ ತಲೆ ಎಲ್ಲೋ ಇರುತ್ತೆ, ನನಗೆ ಅರ್ಥ ಆಗುತ್ತೆ," ಎಂದರು. "ಭಾನುವಾರ ಸೇಂಟ್ ಹೆಡ್ವಿಗ್ ತಾನೇ?"

"ಸೇಂಟ್ ಹೆಡ್ವಿಗ್ ಸರ್."

"ದೊಡ್ಡದಾಗಿ ಕಟ್ಲಾ?"

ನಾರ್ಬರ್ಟ್ ಕಿಟಕಿಯ ಕಡೆ ನೋಡಿದ. ಹೋಬರ್ಟ್ ಅದನ್ನು ಹೌದೆಂದು ತಿಳಿದರು.

ಇತ್ತ ಲೊರೆಟಾಳ ಮನೆಯಲ್ಲಿ ಬೇರೆಯೇ ಲೆಕ್ಕಾಚಾರ. ಗಂಡ ದಿನವೂ ತಾಯಿಯ ಮನೆಗೆ ಹೋಗುತ್ತಾನೆ, ಕೇಳಿದರೆ "ಅತ್ತೆ ಒಬ್ಬರೇ ಇರ್ತಾರಲ್ಲ" ಎನ್ನುತ್ತಾನೆ. ಇಪ್ಪತ್ತಾರು ವರ್ಷದಿಂದ ಅತ್ತೆ ಒಬ್ಬರೇ ಇದ್ದದ್ದು ಅವನಿಗೆ ಕಂಡಿರಲಿಲ್ಲ. ಅವಳು ತಮ್ಮ ರೋಮನ್‌ಗೆ ಫೋನು ಮಾಡಿದಳು. ರೋಮನ್ ಶೀತಲ ಉಗ್ರಾಣದಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು. ಅವನ ಅನುಮಾನಗಳು ಅವನ ವಾಹನದಷ್ಟೇ ನೇರವಾಗಿ ಮುಂದೆ ಹೋಗುತ್ತವೆ.

"ಮನೆ," ಎಂದ ರೋಮನ್. "ಅಮ್ಮನ ಮನೆ ಬರೆಸ್ಕೊಳ್ಳಕ್ಕೆ ನೋಡ್ತಿದಾನೆ. ಸೂರಿನ ದೋಣಿ ಯಾರಾದ್ರೂ ಸುಮ್ಮನೆ ತೊಳೀತಾರಾ? ಭಾನುವಾರ ಎಲ್ಲರ ಮುಂದೆ ಕೇಳೇಬಿಡೋಣ."

ಭಾನುವಾರ ಚರ್ಚಿನಿಂದ ಯುಜೀನಿಯಾ ಅವರನ್ನು ಕರೆತಂದದ್ದು ನಾನು. ಹಾಗಾಗಿ ಊಟಕ್ಕೆ ನಾನೂ ಕೂತೆ. ಆಲೂಗಡ್ಡೆ ತುಂಬಿದ ಪಿಯೆರೋಗಿ ಎಂಬ ಕಡುಬು, ಹುರಿದ ಈರುಳ್ಳಿ, ಉಪ್ಪಿನಲ್ಲಿಟ್ಟ ಮೀನು. ಲೊರೆಟಾ ಬಲಗಡೆಯಿಂದ ಮಾತ್ರ ಅಗಿಯುತ್ತಿದ್ದಳು. ಅವಳ ಎಡದವಡೆಯ ಎರಡು ಹಲ್ಲು ಹೋಗಿ ವರ್ಷವಾಗಿತ್ತು. ಹೊಸದು ಕೂರಿಸಲು ವಾರವಾರ ದುಡ್ಡು ಕೂಡಿಡುತ್ತಿದ್ದಳು, ಏಪ್ರಿಲ್‌ನಲ್ಲಿ ಡಾಕ್ಟರು ದಿನ ಕೊಟ್ಟಿದ್ದರು.

ನಾರ್ಬರ್ಟ್ ತಲೆ ಸ್ವಲ್ಪ ವಾಲಿಸಿ ಕೂತಿದ್ದ. ಗೋಡೆಯ ಕಡೆಯ ಕಿವಿಯಲ್ಲಿ ಒಂದು ಪುಟ್ಟ ಇಯರ್‌ಫೋನ್ ಇದ್ದದ್ದು ನನಗೊಬ್ಬನಿಗೆ ಕಾಣುತ್ತಿತ್ತು. ಸೇಂಟ್ ಹೆಡ್ವಿಗ್‌ನ ಆಟ ಶುರುವಾಗಿತ್ತು. ಮೇಜಿನ ಕೆಳಗೆ ಅವನ ಮೊಣಕಾಲು ಕುಣಿದು ತಟ್ಟೆಗಳೆಲ್ಲ ಸಣ್ಣಗೆ ಸದ್ದು ಮಾಡುತ್ತಿದ್ದವು.

ರೋಮನ್ ಫೋರ್ಕ್ ಕೆಳಗಿಟ್ಟ. "ನೇರವಾಗಿ ಕೇಳ್ತೀನಿ ಭಾವ. ನಿನ್ನ ಮನಸ್ಸಲ್ಲಿ ಏನಿದೆ? ಪೂರ್ತಿ ಬೇಕಾ ನಿನಗೆ?"

"ಪೂರ್ತಿ ಬೇಡ," ಎಂದ ನಾರ್ಬರ್ಟ್, ಕಿವಿಯ ಕಡೆಗೇ ಗಮನ. "ಮೊದಲರ್ಧ ಸಿಕ್ಕಿದ್ರೆ ಸಾಕು."

ಲೊರೆಟಾಳ ಬಾಯಿಯ ಪಿಯೆರೋಗಿ ಅಲ್ಲೇ ನಿಂತಿತು.

"ಅರ್ಧ ಅಂತೆ," ಎಂದ ರೋಮನ್. "ಉಳಿದರ್ಧ ಏನಾಗಬೇಕು?"

"ಏನಾದ್ರೂ ಆಗ್ಲಿ. ಅಷ್ಟು ಹೊತ್ತಿಗೆ ಉಸಿರೇ ಇರಲ್ಲ."

"ಯಾರಿಗೆ ಉಸಿರಿರಲ್ಲ?" ಎಂದು ಯುಜೀನಿಯಾ ತಣ್ಣಗೆ ಕೇಳಿದರು.

"ಒಂದು ಮೊಣಕಾಲು ಆಗ್ಲೇ ಹೋಗಿದೆ," ಎಂದು ನಾರ್ಬರ್ಟ್ ತನಗೆ ತಾನೇ ಹೇಳಿಕೊಂಡ. "ಇನ್ನು ಹತ್ತು ನಿಮಿಷ ನಿಂತ್ರೆ ಹೆಚ್ಚು. ಬೀಳೋ ಮುಂಚೆ ನಮ್ಮದು ನಾವು ತಗೊಂಡು ಹೊರಡಬೇಕು."

ಮುದುಕಿ ತಮ್ಮ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡರು. ರೋಮನ್ ಕುರ್ಚಿ ಹಿಂದೆ ತಳ್ಳಿ ಎದ್ದ. ಅದೇ ಕ್ಷಣ ನಾರ್ಬರ್ಟ್ ಎರಡೂ ಕೈ ಮೇಲೆತ್ತಿ "ಬಿತ್ತು, ಬಿತ್ತು" ಎಂದ. ರೋಮನ್ ಬಾಗಿ ಅವನ ಕಿವಿಯಿಂದ ಇಯರ್‌ಫೋನ್ ಕಿತ್ತು ತನ್ನ ಕಿವಿಗಿಟ್ಟುಕೊಂಡ. ಸ್ವಲ್ಪ ಹೊತ್ತು ಕೇಳಿದ. ಮುಖದ ಸಿಟ್ಟು ಇಳಿದು ಅಲ್ಲಿ ಬೇರೇನೋ ಬಂತು.

"ಒಂಬತ್ತು ಅಂಕ ಮುಂದಿದಾರೆ ನಮ್ಮೋರು," ಎಂದು ಕೂತುಬಿಟ್ಟ.

ನಾವೆಲ್ಲ ನಗಲು ಶುರುಮಾಡಿದ್ದೆವು. ಮನೆಯ ಆಸೆಯಲ್ಲ, ಬರೀ ಚೆಂಡಾಟ. ಯುಜೀನಿಯಾ ಮತ್ತೊಂದು ಸೌಟು ಈರುಳ್ಳಿ ಬಡಿಸಿದರು. ನಗದೆ ಕೂತವಳು ಲೊರೆಟಾ. ನಾರ್ಬರ್ಟ್ ಕೈಯೆತ್ತಿದಾಗ ಮೇಜಿನ ಮೇಲೆ ಬಿದ್ದ ಫೋನು ಅವಳ ಕೈಯಲ್ಲಿತ್ತು. ಅವಳು ಒಂದೊಂದೇ ಹಾಳೆ ಕೆಳಗೆ ಸರಿಸುತ್ತಿದ್ದಳು.

"ಇದೇನು ನಾರ್ಬರ್ಟ್?"

"ಸಣ್ಣ ಸಣ್ಣದು. ಐದು, ಹತ್ತು. ಗೆಲ್ತಾನೇ ಇದೀನಿ."

"ಸಾವಿರದ ಎಂಟು ನೂರು ಹೋಗಿದೆ."

"ಇಲ್ಲ ಇಲ್ಲ, ಗೆಲ್ತಾ ಇದೀನಿ. ಗೆದ್ದಾಗೆಲ್ಲ ಫೋನು ಗಂಟೆ ಬಾರಿಸುತ್ತೆ, ದಿನಕ್ಕೆ ಹತ್ತು ಸಲ."

"ಸೋತಾಗ?"

ನಾರ್ಬರ್ಟ್ ಯೋಚಿಸಿದ. ಮೊಣಕಾಲು ಮೊದಲ ಸಲ ನಿಂತಿತು. "ಸೋತಾಗ ಸುಮ್ನಿರುತ್ತೆ," ಎಂದ.

"ಯಾವ ದುಡ್ಡು ಇದು?"

ಲೊರೆಟಾ ನಾಲಿಗೆಯಿಂದ ಎಡದವಡೆಯ ಖಾಲಿ ಜಾಗವನ್ನೊಮ್ಮೆ ಮುಟ್ಟಿಕೊಂಡದ್ದು ಕೆನ್ನೆಯಲ್ಲಿ ಕಂಡಿತು. ಊರಿನ ತೂಕವನ್ನೆಲ್ಲ ನೋಡುತ್ತಿದ್ದವನು ಇದೊಂದನ್ನು ತೂಗಿ ನೋಡಿರಲಿಲ್ಲ.

"ವಾಪಸ್ ಗೆಲ್ಲೋಣ ಅಂತ ಇದ್ದೆ ಲೊರೆಟಾ. ಇವತ್ತು ಮೊದಲರ್ಧ, ಅದು ಬಂದ್ರೆ..."

"ಮಾತಾಡಬೇಡ."

ಆಗ ಬಾಗಿಲ ಗಂಟೆ ಸದ್ದು ಮಾಡಿತು. ನಮ್ಮ ಊರಿನಲ್ಲಿ ಯಾರ ಕಾರು ಯಾರ ಮನೆಯ ಮುಂದಿದೆ ಎಂದು ಪತ್ತೆ ಮಾಡಲು ಹತ್ತು ನಿಮಿಷ ಸಾಕು. ಲೈಲ್ ಹೋಬರ್ಟ್ ಕೈಯಲ್ಲೊಂದು ಸೇಬಿನ ಪೈ ಹಿಡಿದು, ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದರು. ಹಣೆಯ ಮೇಲೆ ಬೆವರು.

"ಊಟದ ಹೊತ್ತಲ್ಲಿ ತೊಂದರೆ ಕೊಟ್ಟೆ, ಕ್ಷಮಿಸಿ. ಗ್ರಾಬ್ಸ್ಕಿ, ನೀನು ಫೋನ್ ತೆಗೀತಿಲ್ಲ. ಎರಡನೇ ಅರ್ಧಕ್ಕೂ ಇವರೇ ತಾನೆ? ಒಂದು ಮಾತು ಹೇಳ್ಬಿಡು, ಹೊರಟುಹೋಗ್ತೀನಿ."

"ಇವರ್ಯಾರು?" ಎಂದರು ಯುಜೀನಿಯಾ.

"ನಾನು ಇವನ ಮೇಲಧಿಕಾರಿ ಅಮ್ಮ. ನಿಮ್ಮ ಅಳಿಯ ಸಾಮಾನ್ಯ ಮನುಷ್ಯ ಅಲ್ಲ. ಗಣಿತದಲ್ಲಿ ಬಹಳ ದೊಡ್ಡ ತಲೆ."

"ಇವನಾ? ಮೊನ್ನೆ ಪಾರ್ಲರಲ್ಲಿ ಚಿಲ್ಲರೆ ಎಣಿಸೋಕೆ ಬೆರಳು ಮಡಚ್ತಿದ್ದ."

"ಅಲ್ಲ, ಆ ಪದ್ಧತಿ..."

"ಯಾವ ಪದ್ಧತಿ? ಹೆಸರು ಹೇಳ್ತಿದ್ದೋಳು ನಾನು."

ಹೋಬರ್ಟ್ ಪೈಯನ್ನು ಮೇಜಿನ ಮೇಲಿಟ್ಟರು. "ನೀವು ಆಟ ಆಡಿದೀರಾ ಅಮ್ಮ?"

"ಚೆಂಡು ಕೈಯಲ್ಲಿ ಹಿಡಿದಿಲ್ಲ."

"ಮತ್ತೆ ಸೇಂಟ್ ಹೆಡ್ವಿಗ್ ಹೇಗೆ ಆರಿಸಿದ್ರಿ?"

"ನನ್ನ ತಂಗಿ ಮಗಳು ಅಲ್ಲಿ ನರ್ಸಿಂಗ್ ಓದಿದ್ದು. ಸೂಜಿ ಚುಚ್ಚಿದ್ರೆ ಗೊತ್ತೇ ಆಗಲ್ಲ, ಅಷ್ಟು ಹಗುರ ಕೈ."

"ಹಸಿರು ಅಂಗಿಯವರನ್ನ?"

"ಅವತ್ತು ಹಾಸಿಗೆ ಆಚೆ ಹಾಕಬೇಕಿತ್ತು. ಬಾಯಿಗೆ ಬಂದಿದ್ದು ಹೇಳಿದೆ."

ಮೇಲಧಿಕಾರಿ ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಎಷ್ಟು ಕಟ್ಟಿದ್ದಾರೆಂದು ಯಾರೂ ಕೇಳಲಿಲ್ಲ. ಹೆಂಡತಿಗೆ ಪೈ ತರುತ್ತೇನೆಂದು ಹೇಳಿ ಬಂದಿದ್ದೇನೆ ಎಂದಷ್ಟೇ ಎರಡು ಸಲ ಹೇಳಿದರು. ರೋಮನ್ ಟಿವಿ ಹಾಕಿದ. ಎರಡನೇ ಅರ್ಧದಲ್ಲಿ ಸೇಂಟ್ ಹೆಡ್ವಿಗ್‌ನ ಎತ್ತರದ ಹುಡುಗ ಮೊಣಕಾಲು ಹಿಡಿದು ಕೂತ. ಆಮೇಲೆ ನಡೆದದ್ದನ್ನು ಆಟ ಎನ್ನಲಾಗದು. ಮೂವತ್ತೊಂದು ಅಂಕದಿಂದ ಸೋತರು. ಅಷ್ಟರಲ್ಲಿ ಹೋಬರ್ಟ್ ಹನ್ನೊಂದು ಪಿಯೆರೋಗಿ ತಿಂದಿದ್ದರು. ನಾರ್ಬರ್ಟ್ ಟಿವಿಯನ್ನು ನೋಡಲಿಲ್ಲ, ತಟ್ಟೆಯನ್ನೂ ನೋಡಲಿಲ್ಲ. ಲೊರೆಟಾ ಎದ್ದು ಪಾತ್ರೆ ತೊಳೆಯಲು ಹೋದಾಗ ಅವನು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತ. ಅವಳು ತೊಳೆದ ತಟ್ಟೆಗಳನ್ನು ಅವನ ಕೈಗೆ ಕೊಡದೆ ಇನ್ನೊಂದು ಪಕ್ಕದಲ್ಲಿ ಜೋಡಿಸಿದಳು.

ಸೋಮವಾರ ಕುಜ್ಮಾನ ದೂರು ನಾಲ್ಕು ಕಡೆ ಟೇಪು ಹಚ್ಚಿಸಿಕೊಂಡು ಹೋಬರ್ಟರ ಮೇಜಿನ ಮೇಲೆ ಮತ್ತೆ ಹುಟ್ಟಿತು. ಕರ್ತವ್ಯದಲ್ಲಿ ಗಂಭೀರ ನಿರ್ಲಕ್ಷ್ಯ ಎಂದು ಅವರಿಗೆ ಈಗ ಮನವರಿಕೆಯಾಗಿತ್ತು. ಸಂಬಳವಿಲ್ಲದೆ ಮೂರು ದಿನ ಮನೆಯಲ್ಲಿರಬೇಕು, ಕುಜ್ಮಾನ ಅಂಗಡಿಗೆ ಹೋಗಿ ಕ್ಷಮೆ ಕೇಳಬೇಕು. ಕುಜ್ಮಾ ಕ್ಷಮಿಸಿದ, ಆದರೆ ಕ್ಷಮೆ ಕೇಳುವಾಗ ನಾರ್ಬರ್ಟ್ ಎರಡೂ ಕೈ ಕಾಣುವಂತೆ ಇಟ್ಟುಕೊಂಡಿರಬೇಕೆಂದು ಷರತ್ತು ಹಾಕಿದ. ಡಾರ್ಲೀನಳ ಪಟ್ಟಿಯಲ್ಲಿ ನಾರ್ಬರ್ಟ್ ಕೊನೆಗೆ ಎರಡನೆಯವನಾದ. ಎರಡನೆಯವರಿಗೆ ಕಟ್ಟಿದ ಹತ್ತು ಡಾಲರ್ ವಾಪಸ್.

ಆ ಆ್ಯಪ್‌ನ ಖಾತೆ ಮುಚ್ಚುವಾಗ ಲೊರೆಟಾ ಪಕ್ಕದಲ್ಲೇ ಕೂತಿದ್ದಳು. ತೆರೆಯುವಾಗ ಎರಡು ನಿಮಿಷ ಹಿಡಿದಿದ್ದದ್ದು ಮುಚ್ಚಲು ನಲವತ್ತು ನಿಮಿಷ ಹಿಡಿಯಿತಂತೆ. ನಿಜವಾಗಿಯೂ ಹೋಗುತ್ತೀರಾ, ಖಂಡಿತವೇ, ಇನ್ನೊಮ್ಮೆ ಯೋಚಿಸಿ, ಇಗೋ ಹತ್ತು ಡಾಲರ್ ನಮ್ಮ ಕಡೆಯಿಂದ ಎಂದು ಹೆಣ್ಣು ಕೊಟ್ಟ ಮಾವನಿಗಿಂತ ಹೆಚ್ಚು ಉಪಚಾರ ಮಾಡಿತಂತೆ.

ಹಲ್ಲಿನ ದುಡ್ಡಿಗೆ ನಾರ್ಬರ್ಟ್ ತನ್ನ ಪ್ರಾಣವಾಗಿದ್ದ, ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು ಮೀನು ಹಿಡಿಯುವ ಗುಡಾರವನ್ನೂ ಐಸ್ ಕೊರೆಯುವ ಯಂತ್ರವನ್ನೂ ರೋಮನ್‌ಗೆ ಮಾರಿದ. ಉಳಿದದ್ದಕ್ಕೆ ಶನಿವಾರಗಳಲ್ಲಿ ಹಿಮ ತೆಗೆದ, ಹಿಮ ಮುಗಿದ ಮೇಲೆ ಹುಲ್ಲು ಕತ್ತರಿಸಿದ. ಅತ್ತೆಯ ಮನೆಗೆ ಬುಧವಾರ ಬುಧವಾರ ಹೋಗುವುದನ್ನು ಮಾತ್ರ ಬಿಡಲಿಲ್ಲ. ಈಗ ಯಾವ ಹೆಸರನ್ನೂ ಕೇಳುತ್ತಿರಲಿಲ್ಲ. "ಕೇಳೋಕೇನೂ ಇಲ್ದಿದ್ರೆ ಯಾಕೆ ಬಂದೆ?" ಎಂದು ಯುಜೀನಿಯಾ ಗೊಣಗಿದರು, ಇವನ ಪಾಲಿನ ಕಾಫಿ ಬಗ್ಗಿಸುತ್ತಲೇ.

ಡಾಕ್ಟರು ಕೊಟ್ಟಿದ್ದ ಏಪ್ರಿಲ್ ದಿನ ತಪ್ಪಿ ಜೂನಿಗೆ ಹೋಯಿತು. ಅಂದು ಲೊರೆಟಾ ಒಳಗಿದ್ದ ಎರಡು ಗಂಟೆಯೂ ನಾರ್ಬರ್ಟ್ ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಅತ್ತಿಂದಿತ್ತ ನಡೆದ. ಕಾಯುವ ಕೋಣೆಯಲ್ಲಿ ಬೇಸ್‌ಬಾಲ್ ಹಾಕಿದ್ದರಂತೆ. ಅವಳು ಬಾಯಿ ತುಂಬ ಹತ್ತಿ ಇಟ್ಟುಕೊಂಡು ಹೊರಬಂದು ಕೈ ಚಾಚಿದಳು. ಆ ಎರಡು ಗಂಟೆಗೆ ಮಾತ್ರ ಇಟ್ಟುಕೊಂಡಿದ್ದ ಕಾರಿನ ಕೀಲಿಯನ್ನು ಅವನು ಕೊಟ್ಟ. ಆ ಮಾರ್ಚ್‌ನಿಂದ ಕೀಲಿಯೂ, ಬ್ಯಾಂಕಿನ ಕಾರ್ಡೂ, ಫೋನಿನ ಗುಟ್ಟಿನ ಸಂಖ್ಯೆಯೂ ಅವಳ ಹತ್ತಿರವೇ.

ಊರ ನಡುವಿನ ಕೆಂಪು ದೀಪದಲ್ಲಿ ಅವರ ಕಾರು ನಿಂತಿತು. ಎಡಗಡೆ ಒಂದು ಕೆಂಪು ಕಾರು, ಬಲಗಡೆ ಒಂದು ನೀಲಿ. ಎರಡರಲ್ಲೂ ಪಡ್ಡೆ ಹುಡುಗರು ಇಂಜಿನ್ ಗುರುಗುಟ್ಟಿಸುತ್ತಿದ್ದರು. ನಾರ್ಬರ್ಟ್ ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಕೈಗಳನ್ನು ತೊಡೆಯಡಿಗೆ ಹಾಕಿಕೊಂಡ. ಮತ್ತೊಮ್ಮೆ ಎಡಕ್ಕೆ ನೋಡಿದ. ಮೆಲ್ಲಗೆ ಬಾಯಿ ತೆರೆದ.

"ಬ್ಯಾಲ," ಎಂದಳು ಲೊರೆಟಾ, ಹತ್ತಿಯ ಮಧ್ಯದಿಂದ.

ಅವನು ಬಾಯಿ ಮುಚ್ಚಿದ. ಹಸಿರು ದೀಪ ಬಂತು. ಕೆಂಪು ಕಾರು ಬಾಣದಂತೆ ಮುಂದೆ ಹಾರಿತು, ನೀಲಿ ಕಾರು ಕೆಮ್ಮಿ ಅಲ್ಲೇ ನಿಂತಿತು.

ಮರುದಿನ ಕಚೇರಿಯಲ್ಲಿ ಇದನ್ನು ಹೇಳಿದವನು ನಾರ್ಬರ್ಟನೇ. "ನೋಡು, ಅವಳು ತಡೀದೇ ಇದ್ದಿದ್ರೆ ನಾನು ಹೇಳ್ಬಿಡ್ತಿದ್ದೆ," ಎಂದ.

"ಕೆಂಪು ಅಂತಾನಾ?" ಎಂದು ನಾನು ಕೇಳಿದೆ.

ನಾರ್ಬರ್ಟ್ ಕಾಫಿ ಯಂತ್ರದ ಕಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡಿದ.

"ನೀಲಿ," ಎಂದ.